ಜನವಿಲ್ಲದ ನೆಲದ ಹುಡುಕಾಟ

ಬ್ಯಾಂಕು, ವಿದ್ಯುತ್ತು, ಇಂಧನ, ಪೊಲೀಸು, ಆಸ್ಪತ್ರೆ ಎಲ್ಲವೂ ಒಟ್ಟಿಗೆ ನಿಂತುಹೋದರೆ ಎಲ್ಲಿಗೆ ಹೋಗಿ ಬದುಕುವುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಂಡು, ಅಲ್ಲಿ ಜಮೀನು ಕೊಂಡು, ದವಸಧಾನ್ಯ, ಔಷಧ, ಬಂದೂಕು ಕೂಡಿಡುವ ಪದ್ಧತಿ ಅಮೆರಿಕದಲ್ಲಿ ಅರ್ಧ ಶತಮಾನಕ್ಕಿಂತ ಹಳೆಯದು. 1960ರ ದಶಕದ ಕೊನೆಯಲ್ಲಿ ಹ್ಯಾರಿ ಬ್ರೌನ್ ಡಾಲರ್ ಕುಸಿತದ ಬಗ್ಗೆ ನಡೆಸುತ್ತಿದ್ದ ಶಿಬಿರಗಳಲ್ಲಿ ಡಾನ್ ಸ್ಟೀಫನ್ಸ್ ಎಂಬ ವಾಸ್ತುಶಿಲ್ಪಿ ದೂರದ ಆಸರೆಮನೆಗಳನ್ನು ಕಟ್ಟುವ ಬಗೆಯನ್ನು ಹೇಳಿಕೊಡುತ್ತಿದ್ದರು. 1970ರ ದಶಕದಲ್ಲಿ ಮೆಲ್ ಟ್ಯಾಪನ್ ಒರೆಗಾನ್ ರಾಜ್ಯದ ರೋಗ್ ನದಿಯ ಕಣಿವೆಯಲ್ಲಿ ನೆಲೆಸಿ ಇದನ್ನೊಂದು ಶಿಸ್ತಾಗಿ ಬೆಳೆಸಿದರು. ಅಣುಧೂಳು ಎಲ್ಲೆಲ್ಲಿ ಬೀಳಬಹುದು ಎಂಬ ನಕ್ಷೆಗಳೊಂದಿಗೆ ಬ್ರೂಸ್ ಕ್ಲೇಟನ್ ಅವರ ಪುಸ್ತಕ 1980ರಲ್ಲಿ ಬಂತು. ಜೋಯೆಲ್ ಸ್ಕೌಸೆನ್ ಅಮೆರಿಕದ ರಾಜ್ಯಗಳನ್ನು ಒಂದೊಂದಾಗಿ ತೂಗಿ ಅಂಕ ಕೊಟ್ಟ ಕೈಪಿಡಿ ಹಲವು ಆವೃತ್ತಿಗಳನ್ನು ಕಂಡಿತು. ಸೇನೆಯ ಗುಪ್ತಚರ ವಿಭಾಗದಲ್ಲಿ ಅಧಿಕಾರಿಯಾಗಿದ್ದ ಜೇಮ್ಸ್ ವೆಸ್ಲಿ ರಾಲ್ಸ್ 2011ರಲ್ಲಿ ಐಡಹೋ, ಮೊಂಟಾನಾ, ವಯೋಮಿಂಗ್ ರಾಜ್ಯಗಳನ್ನೂ ಒರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಪೂರ್ವಭಾಗವನ್ನೂ ಒಟ್ಟುಮಾಡಿ ‘ಅಮೆರಿಕನ್ ರಿಡೌಟ್’ ಎಂದು ಹೆಸರಿಟ್ಟು, ಸಮಾನಮನಸ್ಕರೆಲ್ಲ ಅಲ್ಲಿಗೆ ವಲಸೆ ಬರಲಿ ಎಂದು ಕರೆಕೊಟ್ಟರು. ಈ ಪರಂಪರೆಯ ಅತ್ಯಂತ ಸ್ಪಷ್ಟ, ಅತ್ಯಂತ ಪ್ರಭಾವಶಾಲಿ ರೂಪ ಇದೇ.

ಈ ಬರಹಗಳನ್ನು ಹುಚ್ಚರ ಹಳವಂಡವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಒಂದು ಜಾಗವನ್ನು ನೋಡುವಾಗ ಕೇಳಬೇಕಾದ ಎಷ್ಟೋ ಪ್ರಶ್ನೆಗಳನ್ನು ಇವು ಶ್ರದ್ಧೆಯಿಂದ ಕೇಳುತ್ತವೆ. ಕರೆಂಟು ಇಲ್ಲದಿದ್ದರೂ ನೀರು ಇಳಿಜಾರಿನಲ್ಲಿ ತಾನಾಗಿ ಹರಿದು ಮನೆಗೆ ಬರುತ್ತದೆಯೇ? ಹಿಮ ಬೀಳದ ದಿನಗಳು ಬೆಳೆ ಕೈಗೆ ಬರುವಷ್ಟು ಇವೆಯೇ? ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ, ಆ ದಿಕ್ಕಿನಲ್ಲಿ ಅಣುಸ್ಥಾವರವೋ ಸೇನಾನೆಲೆಯೋ ಇದೆಯೇ? ಸೌದೆ ಎಷ್ಟು ದೂರ? ನಗರ ಬಿಟ್ಟು ಹೊರಟವರು ಯಾವ ಹೆದ್ದಾರಿಯಲ್ಲಿ ಹರಿದುಬರುತ್ತಾರೆ, ಜಮೀನು ಆ ದಾರಿಯಿಂದ ಎಷ್ಟು ಆಚೆಗಿದೆ? ವಿಪತ್ತು ಬಂದ ದಿನ ಕಾರು ಹತ್ತಿ ಓಡಿಬರುತ್ತೇನೆ ಎಂಬ ಯೋಜನೆಯನ್ನು ರಾಲ್ಸ್ ಒಪ್ಪುವುದಿಲ್ಲ. ವರ್ಷಪೂರ್ತಿ ಅಲ್ಲೇ ಬಾಳಿದವನಿಗೆ ಮಾತ್ರ ಆ ನೆಲ ದಕ್ಕುತ್ತದೆ ಎಂಬ ಅವರ ಪಟ್ಟು ಸರಿಯಾದದ್ದು. ಬೇಸಾಯ ಮಾಡಿದ ಯಾರಿಗೂ ಅದು ತಕ್ಷಣ ಅರ್ಥವಾಗುತ್ತದೆ.

ತೊಂದರೆ ಇರುವುದು ಈ ಪ್ರಶ್ನೆಗಳಿಗೆ ಕೊಡುವ ತೂಕದಲ್ಲಿ. ಬಹುತೇಕ ಎಲ್ಲ ಕೈಪಿಡಿಗಳಲ್ಲೂ ಮೊದಲ ಸ್ಥಾನ ಜನಸಾಂದ್ರತೆಗೆ. ಹತ್ತಿರದಲ್ಲಿ ಹೆಚ್ಚು ಜನ ಇರುವುದೇ ಅತಿ ದೊಡ್ಡ ಅಪಾಯ ಎನ್ನುತ್ತಾರೆ ಸ್ಕೌಸೆನ್. ದೊಡ್ಡ ನಗರದಿಂದ ಕನಿಷ್ಠ ಒಂದು ಟ್ಯಾಂಕ್ ಪೆಟ್ರೋಲ್ ಮುಗಿಯುವಷ್ಟು ದೂರ ಇರಬೇಕೆಂಬುದು ಈ ವಲಯದಲ್ಲಿ ಗಾದೆಯಂತಾಗಿದೆ. ಈ ಅಳತೆಗೋಲು ಹಿಡಿದರೆ ಮೊಂಟಾನಾ, ವಯೋಮಿಂಗ್ ತಾವಾಗಿಯೇ ಮೇಲೆ ಬರುತ್ತವೆ. 2020ರ ಜನಗಣತಿಯಲ್ಲಿ ಮೊಂಟಾನಾದ ಜನಸಂಖ್ಯೆ ಸುಮಾರು 10.8 ಲಕ್ಷ, ವಯೋಮಿಂಗಿನದು 5.8 ಲಕ್ಷಕ್ಕೂ ಕಡಿಮೆ. ಅಷ್ಟು ವಿಶಾಲವಾದ ನೆಲದಲ್ಲಿ ಜನ ಏಕೆ ಇಷ್ಟು ಕಡಿಮೆ ಎಂಬ ಪ್ರಶ್ನೆಯನ್ನು ಮಾತ್ರ ಕೈಪಿಡಿಗಳು ಗಟ್ಟಿಯಾಗಿ ಕೇಳುವುದಿಲ್ಲ.

ಉತ್ತರ ಚರಿತ್ರೆಯಲ್ಲಿದೆ. 1909ರ ಕಾನೂನು ಒಣಭೂಮಿಯಲ್ಲಿ ಬೇಸಾಯಕ್ಕೆ ಇಳಿಯುವ ಪ್ರತಿ ಕುಟುಂಬಕ್ಕೆ 320 ಎಕರೆ ಕೊಡುವುದಾಗಿ ಹೇಳಿದಾಗ ಪೂರ್ವ ಮೊಂಟಾನಾಕ್ಕೆ ಜನ ರೈಲುಗಟ್ಟಲೆ ಬಂದಿಳಿದರು. ರೈಲ್ವೆ ಕಂಪನಿಗಳೇ ಆ ನೆಲವನ್ನು ಸ್ವರ್ಗವೆಂದು ಜಾಹೀರಾತು ಮಾಡಿದ್ದವು. ಕೆಲವು ವರ್ಷ ಮಳೆ ಚೆನ್ನಾಗಿ ಬಂತು, ಮೊದಲ ಮಹಾಯುದ್ಧ ಗೋಧಿಯ ಬೆಲೆ ಏರಿಸಿತು. 1917ರಿಂದ ಬರ ಹಿಡಿಯಿತು, ಯುದ್ಧ ಮುಗಿದ ಮೇಲೆ ಬೆಲೆಯೂ ಕುಸಿಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ರಾಜ್ಯದ ಅರ್ಧದಷ್ಟು ಬ್ಯಾಂಕುಗಳು ಬಾಗಿಲು ಹಾಕಿದವು, ಸಾವಿರಾರು ಜಮೀನುಗಳು ಪಾಳುಬಿದ್ದವು. 1920ರ ದಶಕದಲ್ಲಿ ಇಡೀ ಅಮೆರಿಕದಲ್ಲಿ ಜನಸಂಖ್ಯೆ ಇಳಿದ ಏಕೈಕ ರಾಜ್ಯ ಮೊಂಟಾನಾ. ಆ ರೈತರಿಗೆ ರೈಲು, ಸರ್ಕಾರ, ವೈದ್ಯರು, ಮಾರುಕಟ್ಟೆ ಎಲ್ಲ ಇದ್ದವು. ಇಲ್ಲದ್ದು ಮಳೆ. ಎಲ್ಲ ಇದ್ದಾಗಲೇ ಕೈಬಿಟ್ಟ ನೆಲ ಏನೂ ಇಲ್ಲದಾಗ ಸಾಕೀತು ಎಂಬ ನಂಬಿಕೆಗೆ ಆಧಾರವಿಲ್ಲ. ಇಂದಿನ ಜನವಿರಳತೆ ಆ ಸೋಲಿನ ದಾಖಲೆ.

ರಾಲ್ಸ್‌ಗೆ ಇದು ತಿಳಿಯದ್ದೇನಲ್ಲ. ಅವರ ಒಲವು ಹೆಚ್ಚಾಗಿ ಮಳೆ, ಕಾಡು, ನದಿಗಳಿರುವ ಪಶ್ಚಿಮ ಮೊಂಟಾನಾ ಮತ್ತು ಉತ್ತರ ಐಡಹೋ ಕಡೆಗೆ. ಆದರೆ ಅಲ್ಲಿ ಸಾಂದ್ರತೆಯ ಅಂಕಿ ಇನ್ನೊಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ. ಐಡಹೋದ ನೆಲದಲ್ಲಿ ಐದರಲ್ಲಿ ಮೂರು ಪಾಲು ಕೇಂದ್ರ ಸರ್ಕಾರದ್ದು, ಅದರಲ್ಲಿ ಬಹಳಷ್ಟು ಬೆಟ್ಟದ ಕಾಡು. ಜನ ಇರುವುದೂ ಬೇಸಾಯ ನಡೆಯುವುದೂ ಕಣಿವೆಯ ಕಿರಿದಾದ ಪಟ್ಟಿಗಳಲ್ಲಿ. ಚದರ ಮೈಲಿಗೆ ಇಷ್ಟು ಮಂದಿ ಎಂಬ ಸರಾಸರಿಯಲ್ಲಿ ಯಾರೂ ಉಳಲಾಗದ ಶಿಖರಗಳೂ ಸೇರಿಕೊಂಡಿರುತ್ತವೆ. ಉಳಬಹುದಾದ ನೆಲಕ್ಕೆ ಮಾತ್ರ ಲೆಕ್ಕ ಹಾಕಿದರೆ ಚಿತ್ರ ಬೇರೆಯೇ ಆಗುತ್ತದೆ. ಅದೂ ಬದಲಾಗುತ್ತಿದೆ: 2010ರಿಂದ 2020ರ ನಡುವೆ ಐಡಹೋದ ಜನಸಂಖ್ಯೆ 17 ಪ್ರತಿಶತಕ್ಕೂ ಹೆಚ್ಚು ಬೆಳೆದು, ದೇಶದಲ್ಲೇ ಅತಿ ವೇಗವಾಗಿ ಬೆಳೆದ ರಾಜ್ಯಗಳ ಸಾಲಿಗೆ ಸೇರಿತು. ಕಾರಣಗಳು ಹಲವು. ಜನ ಕಡಿಮೆ ಇರುವ ಜಾಗ ಎಂಬ ಹೆಸರೇ ಜನರನ್ನು ಕರೆತಂದದ್ದೂ ಅವುಗಳಲ್ಲಿ ಒಂದು.

ಜನವಿರಳತೆಯನ್ನು ಹುಡುಕಿಕೊಂಡು ಬಂದವರಲ್ಲಿ ಸೇನೆಯೂ ಇತ್ತು. ಮೊಂಟಾನಾದ ಮಾಲ್ಮ್‌ಸ್ಟ್ರಮ್ ವಾಯುನೆಲೆಯ ಸುತ್ತ 150 ಮಿನಿಟ್‌ಮ್ಯಾನ್ ಅಣುಕ್ಷಿಪಣಿಗಳ ನೆಲಬಾವಿಗಳಿವೆ. ವಯೋಮಿಂಗಿನ ವಾರೆನ್ ನೆಲೆಯ ಅಧೀನದಲ್ಲಿ ಇನ್ನೂ 150 ಇವೆ, ಅವು ನೆರೆಯ ರಾಜ್ಯಗಳಿಗೂ ಹರಡಿವೆ. ಶತ್ರು ಅವುಗಳ ಮೇಲೆ ದಾಳಿ ಮಾಡಿದರೆ ಸಾಯುವವರು ಕಡಿಮೆ ಇರಲಿ ಎಂಬುದೂ ಆ ಸ್ಥಳದ ಆಯ್ಕೆಯಲ್ಲಿ ಸೇರಿತ್ತು. ಗಾಳಿ ಸಾಮಾನ್ಯವಾಗಿ ಪಶ್ಚಿಮದಿಂದ ಬೀಸುವುದರಿಂದ ಅಣುಧೂಳು ಪೂರ್ವಕ್ಕೆ ಹೋಗುತ್ತದೆ, ಐಡಹೋ ಪಾರಾಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಾಗಿದ್ದರೂ ರಿಡೌಟ್‌ನ ಭೂಪಟದ ಪೂರ್ವಾರ್ಧಕ್ಕೆ ಈ ಸಮಾಧಾನ ಸಿಗುವುದಿಲ್ಲ. ಒಂದೇ ಹೆಸರಿನಡಿ ಇಷ್ಟು ಭಿನ್ನವಾದ ನೆಲಗಳನ್ನು ಸೇರಿಸಿದ್ದು ಆ ಯೋಜನೆಯ ದೊಡ್ಡ ದೌರ್ಬಲ್ಯ.

ಪ್ರತಿ ಕೈಪಿಡಿಯೂ ತನ್ನ ಕಾಲದ ಭಯವನ್ನು ನೆಲದ ಮೇಲೆ ಬರೆದಿರುತ್ತದೆ. 1970ರ ದಶಕದ ಭಯ ಅಣುಯುದ್ಧ. ಟ್ಯಾಪನ್ ಆರಿಸಿಕೊಂಡ ರೋಗ್ ಕಣಿವೆ ದಾಳಿಯ ಗುರಿಗಳಿಂದ ದೂರ, ಹವೆ ಹಿತ, ಗಾಳಿ ಸಮುದ್ರದ ಕಡೆಯಿಂದ. ಆ ಲೆಕ್ಕದಲ್ಲಿ ಆಯ್ಕೆ ನಿರ್ದೋಷ. 2020ರ ಸೆಪ್ಟೆಂಬರ್ 8ರಂದು ಅದೇ ಕಣಿವೆಯಲ್ಲಿ ಹತ್ತಿಕೊಂಡ ಆಲ್ಮೀಡಾ ಬೆಂಕಿ ಟ್ಯಾಲೆಂಟ್, ಫೀನಿಕ್ಸ್ ಎಂಬ ಊರುಗಳನ್ನು ಸುಟ್ಟು 2,000ಕ್ಕೂ ಹೆಚ್ಚು ಮನೆಗಳನ್ನು ನಾಶಮಾಡಿತು. ಉತ್ತರ ಐಡಹೋದ ಕಾಡುಗಳಿಗೂ ಇಂಥ ನೆನಪಿದೆ: 1910ರ ಆಗಸ್ಟ್‌ನಲ್ಲಿ ಎರಡೇ ದಿನಗಳಲ್ಲಿ ಸುಮಾರು 30 ಲಕ್ಷ ಎಕರೆ ಉರಿದುಹೋಯಿತು. 1980ರ ಮೇ 18ರಂದು ಸೇಂಟ್ ಹೆಲೆನ್ಸ್ ಜ್ವಾಲಾಮುಖಿ ಸಿಡಿದಾಗ ಪೂರ್ವ ವಾಷಿಂಗ್ಟನ್ನಿನಲ್ಲಿ ಹಗಲೇ ಕತ್ತಲೆ ಕವಿದು ಬೂದಿ ಸುರಿಯಿತು. ಸೌದೆಗೆಂದು ಮೆಚ್ಚಿದ ಕಾಡೇ ಬೆಂಕಿಗೂ ಸೌದೆ. ಅಗ್ನಿಶಾಮಕರೂ ವಿಮಾನಗಳೂ ಇಲ್ಲದ ಕಾಲದಲ್ಲಿ ಕಾಡಂಚಿನ ಒಂಟಿ ಮನೆಯ ಗತಿ ಏನು ಎಂಬ ಪ್ರಶ್ನೆಗೆ ಈ ಸಾಹಿತ್ಯದಲ್ಲಿ ಬಂದೂಕಿಗೆ ಸಿಕ್ಕಷ್ಟು ಪುಟಗಳು ಸಿಕ್ಕಿಲ್ಲ.

ಎಲ್ಲಕ್ಕಿಂತ ಮುಖ್ಯವಾಗಿ ಪರೀಕ್ಷಿಸಬೇಕಾದದ್ದು ‘ಗೋಲ್ಡನ್ ಹೋರ್ಡ್’ ಎಂದು ಈ ವಲಯ ಕರೆಯುವ ಕಲ್ಪನೆಯನ್ನು. ನಗರಗಳಿಂದ ಹಸಿದ ಗುಂಪುಗಳು ಹೊರಟು ಹಳ್ಳಿಗಾಡನ್ನು ಲೂಟಿ ಮಾಡುತ್ತವೆ ಎಂಬುದು ಇಡೀ ಲೆಕ್ಕಾಚಾರದ ತಳಪಾಯ. ಕಳೆದ ಕೆಲವು ದಶಕಗಳಲ್ಲಿ ನಿಜವಾಗಿ ಕುಸಿದ ಸಮಾಜಗಳನ್ನು ನೋಡಿದರೆ ಈ ಚಿತ್ರ ಹೊಂದುವುದಿಲ್ಲ. ಬೋಸ್ನಿಯಾದ ಸರಾಯೆವೊ ನಗರ 1992ರಿಂದ 1996ರವರೆಗೆ 1,425 ದಿನ ಮುತ್ತಿಗೆಯಲ್ಲಿತ್ತು. ಜನ ಬೀದಿಮರಗಳನ್ನು ಕಡಿದು ಒಲೆ ಹಚ್ಚಿದರು, ಬಿಯರ್ ಕಾರ್ಖಾನೆಯ ಒರತೆಯಿಂದ ನೀರು ಹೊತ್ತರು, ವಿಮಾನ ನಿಲ್ದಾಣದ ಕೆಳಗೆ ಸುರಂಗ ಕೊರೆದು ಆಹಾರ ತಂದರು. ಸಾವಿರಾರು ಜನ ಸತ್ತರು. ಆದರೆ ನಗರ ತನ್ನೊಳಗೇ ಸಂಘಟಿತವಾಗಿ ಉಳಿಯಿತು. ಅದೇ ಯುದ್ಧದಲ್ಲಿ ಪೂರ್ವ ಬೋಸ್ನಿಯಾದ ಬೆಟ್ಟದ ಹಳ್ಳಿಗಳು ಒಂದೊಂದಾಗಿ ಉರಿದವು, ಬದುಕಿದವರು ಗೊರಾಜ್ದೆ, ಸ್ರೆಬ್ರೆನಿಕಾದಂಥ ಪಟ್ಟಣಗಳಿಗೆ ಓಡಿದರು. ಸ್ರೆಬ್ರೆನಿಕಾವೂ ಅವರನ್ನು ಕಾಯಲಿಲ್ಲ. 1995ರ ಜುಲೈನಲ್ಲಿ ಅಲ್ಲಿ 8,000ಕ್ಕೂ ಹೆಚ್ಚು ಗಂಡಸರು, ಹುಡುಗರ ಕೊಲೆಯಾಯಿತು. ದಾಳಿಗೆ ಬಂದದ್ದು ಹಸಿದ ನಗರವಾಸಿಗಳಲ್ಲ, ಶಸ್ತ್ರಸಜ್ಜಿತ ಪಡೆಗಳು. ಅವುಗಳ ಎದುರು ಒಂಟಿ ಮನೆಗೆ ದೂರವೂ ಬಂದೂಕೂ ರಕ್ಷಣೆ ಕೊಡಲಿಲ್ಲ. 2001ರ ಆರ್ಥಿಕ ಕುಸಿತವನ್ನು ಅರ್ಜೆಂಟೀನಾದಲ್ಲಿ ಬಾಳಿದ ಫೆರ್ನಾಂಡೊ ಆಗಿರೆ ತಮ್ಮ ಕೈಪಿಡಿಯಲ್ಲಿ ವಾದಿಸಿದ್ದೂ ಇದನ್ನೇ: ಕೂಗಿದರೆ ಯಾರಿಗೂ ಕೇಳಿಸದ ಜಮೀನಿನ ಮನೆ ದರೋಡೆಕೋರರಿಗೆ ಸುಲಭದ ತುತ್ತು.

ಸೋವಿಯತ್ ಒಕ್ಕೂಟ ಒಡೆದ ನಂತರದ ರಷ್ಯಾ ಇನ್ನೂ ಉಪಯುಕ್ತ ಪಾಠ. 1990ರ ದಶಕದಲ್ಲಿ ಸಂಬಳ ತಿಂಗಳುಗಟ್ಟಲೆ ನಿಂತಾಗ ನಗರದ ಕುಟುಂಬಗಳನ್ನು ಉಳಿಸಿದ್ದು ಡಾಚಾ, ಅಂದರೆ ಊರಾಚೆಯ ಪುಟ್ಟ ತೋಟ. ಸಾಮಾನ್ಯ ಅಳತೆ 600 ಚದರ ಮೀಟರ್. ದಶಕದ ಕೊನೆಯ ಹೊತ್ತಿಗೆ ದೇಶದ ಆಲೂಗಡ್ಡೆಯಲ್ಲಿ ಹೆಚ್ಚಿನ ಪಾಲು ಇಂಥ ಮನೆತೋಟಗಳಿಂದಲೇ ಬರುತ್ತಿತ್ತು. ಈ ತೋಟಗಳು ಲೋಕಲ್ ರೈಲಿನಲ್ಲಿ ಹೋಗಿಬರುವಷ್ಟು ಹತ್ತಿರ, ಒಂದಕ್ಕೊಂದು ಅಂಟಿಕೊಂಡು, ತಲೆಮಾರಿನಿಂದ ಗುರುತಿರುವ ನೆರೆಯವರ ನಡುವೆ ಇದ್ದವು. ಬೀಜ, ಸಸಿ, ಗೊಬ್ಬರ, ಉಪ್ಪಿನಕಾಯಿ ಹಾಕುವ ಹದ ಎಲ್ಲ ಬೇಲಿಯ ಮೇಲೆ ಕೈಬದಲಾಗುತ್ತಿದ್ದವು. ಅಮೆರಿಕದ ಕೈಪಿಡಿಯ ಅಂಕಪಟ್ಟಿಯಲ್ಲಿ ಇಂಥ ತೋಟ ಮೊದಲ ಸುತ್ತಿನಲ್ಲೇ ತಿರಸ್ಕೃತವಾಗುತ್ತದೆ. ಜನಕೋಟಿಯ ಹೊಟ್ಟೆ ತುಂಬಿಸಿದ ಮಾದರಿಯನ್ನು ತಿರಸ್ಕರಿಸುವ ಅಂಕಪಟ್ಟಿಯನ್ನೇ ತಿದ್ದಬೇಕು.

ದೂರದ ಜಾಗಕ್ಕೆ ಹೋದಾಕ್ಷಣ ಅದು ಬಾಗಿಲು ತೆರೆಯುತ್ತದೆ ಎಂಬ ಖಾತ್ರಿಯೂ ಇಲ್ಲ. 2005ರಲ್ಲಿ ಕತ್ರಿನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸ್‌ನಿಂದ ಸೇತುವೆ ದಾಟಿ ಹೊರಟ ಸಂತ್ರಸ್ತರನ್ನು ಆಚೆದಡದ ಗ್ರೆಟ್ನಾ ಊರಿನ ಪೊಲೀಸರು ಅವರ ತಲೆಗಳ ಮೇಲಿಂದ ಗಾಳಿಯಲ್ಲಿ ಗುಂಡು ಹಾರಿಸಿ ಹಿಂದಕ್ಕಟ್ಟಿದರು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಕರ್ನಾಟಕದ ಅನೇಕ ಹಳ್ಳಿಗಳು ದಾರಿಗೆ ಮುಳ್ಳುಕಂಟಿ ಹಾಕಿ, ಗುಂಡಿ ತೋಡಿ ಹೊರಗಿನವರನ್ನು ತಡೆದವು. ಬೆಂಗಳೂರಿನಿಂದ ಕಲಬುರಗಿ, ರಾಯಚೂರು, ಯಾದಗಿರಿ ಕಡೆಗೆ ಹೊರಟ ಕೂಲಿಕಾರರನ್ನು ಕೊನೆಗೂ ಒಳಗೆ ಬಿಟ್ಟದ್ದು ಅವರು ಆ ಊರಿನ ಇಂಥವರ ಮಕ್ಕಳು ಎಂಬ ಕಾರಣಕ್ಕೆ. ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಮುಗಿಸಿ ಅವರು ಮನೆ ಸೇರಿದರು. ಅದೇ ಊರಿನಲ್ಲಿ ಫಾರ್ಮ್‌ಹೌಸ್ ಮಾತ್ರ ಇದ್ದವರ ಹಕ್ಕು ಕಾಗದದ ಮೇಲಿನ ಹಕ್ಕು. ಕಾನೂನು ನಡೆಯುವಷ್ಟು ಕಾಲ ಅದು ಸಾಕು.

ಈ ಪರಂಪರೆಯ ಒಳಗೇ ಇದನ್ನು ಕಂಡವರಿದ್ದರು. ಬೆಟ್ಟದ ಮೇಲಿನ ಒಂಟಿ ಗುಡಿಸಲಿಗಿಂತ ಸಣ್ಣ ಊರೇ ಮೇಲು, ಆ ಊರಿನ ಬದುಕಿನಲ್ಲಿ ಬೆರೆಯಬೇಕು ಎಂದು ಟ್ಯಾಪನ್ ಒತ್ತಿ ಹೇಳಿದ್ದರು. ಅವರ ಈ ಮಾತು ಅವರ ಬಂದೂಕಿನ ಪುಸ್ತಕದಷ್ಟು ಪ್ರಸಿದ್ಧಿ ಪಡೆಯದೇ ಹೋದದ್ದು ವಿಷಾದದ ಸಂಗತಿ. ರಾಲ್ಸ್ ಕೂಡ ನೆರೆಹೊರೆಯ ಅಗತ್ಯವನ್ನು ಒಪ್ಪುತ್ತಾರೆ, ಆದರೆ ಆ ನೆರೆಹೊರೆಯನ್ನು ಧರ್ಮ ಮತ್ತು ರಾಜಕೀಯದ ಜರಡಿಯಲ್ಲಿ ಸೋಸುತ್ತಾರೆ. ಜನಾಂಗದ್ವೇಷವನ್ನು ಅವರು ಸ್ಪಷ್ಟವಾಗಿ ತಿರಸ್ಕರಿಸಿದ್ದಾರೆ. ಉತ್ತರ ಐಡಹೋದ ಹೇಡನ್ ಲೇಕ್ ಬಳಿ 2000ನೇ ಇಸವಿಯ ನ್ಯಾಯಾಲಯದ ತೀರ್ಪಿನಿಂದ ನೆಲೆ ಕಳೆದುಕೊಂಡ ಜನಾಂಗದ್ವೇಷಿ ‘ಆರ್ಯನ್ ನೇಷನ್ಸ್’ ಗುಂಪಿನೊಂದಿಗೆ ಅವರನ್ನು ಸೇರಿಸುವುದು ತಪ್ಪು. ಆದರೂ ಕುಸಿತದ ಕಾಲದಲ್ಲಿ ಬೇಕಾದ ದಾದಿ, ಪಶುವೈದ್ಯ, ಬೆಸುಗೆಯವ, ಬೀಜ ಉಳಿಸುವ ಅಜ್ಜಿ ಒಂದೇ ಮತದ, ಒಂದೇ ಪಕ್ಷದ ಒಳಗೆ ಸಿಗುತ್ತಾರೆ ಎಂದುಕೊಳ್ಳುವುದು ಅಪಾಯದ ಎಣಿಕೆ. ರಿಡೌಟ್‌ನ ಹೃದಯಭಾಗದ ಸ್ಯಾಂಡ್‌ಪಾಯಿಂಟ್ ಊರಿನ ಆಸ್ಪತ್ರೆ 2023ರಲ್ಲಿ ಹೆರಿಗೆ ವಿಭಾಗವನ್ನೇ ಮುಚ್ಚಿತು. ರಾಜ್ಯದ ಗರ್ಭಪಾತ ಕಾನೂನು ಮತ್ತು ಬಿಗಿಯಾದ ರಾಜಕೀಯ ವಾತಾವರಣದಿಂದ ತಜ್ಞವೈದ್ಯರು ಊರು ಬಿಡುತ್ತಿದ್ದದ್ದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿತ್ತು. ಆಸರೆತಾಣದಲ್ಲಿ ಹೆರಿಗೆ ಮಾಡಿಸುವವರು ಯಾರು ಎಂಬ ಪ್ರಶ್ನೆ ನೀರಿನ ಪ್ರಶ್ನೆಯಷ್ಟೇ ಮೊದಲಿನದು.

ಸಿರಿವಂತರು ಇದೇ ಹುಡುಕಾಟವನ್ನು ನ್ಯೂಜಿಲೆಂಡ್‌ವರೆಗೆ ಒಯ್ದಿದ್ದಾರೆ. ದ್ವೀಪವೆಂಬ ಆಯ್ಕೆಗೆ ವಿದ್ವಾಂಸರ ಬೆಂಬಲವೂ ಇದೆ: 2021ರಲ್ಲಿ ನಿಕ್ ಕಿಂಗ್ ಮತ್ತು ಆಲೆಡ್ ಜೋನ್ಸ್ ಪ್ರಕಟಿಸಿದ ಅಧ್ಯಯನ ಜಾಗತಿಕ ಕುಸಿತವನ್ನು ತಾಳಬಲ್ಲ ನಾಡುಗಳಲ್ಲಿ ನ್ಯೂಜಿಲೆಂಡನ್ನು ಮುಂದಿಟ್ಟಿತು. ಆದರೆ ಆ ಅಧ್ಯಯನ ತೂಗಿದ್ದು ಇಡೀ ಸಮಾಜವೊಂದು ತನ್ನ ಜನರಿಗೆ ಅನ್ನ, ವಿದ್ಯುತ್ತು ಒದಗಿಸಿಕೊಳ್ಳುವ ಶಕ್ತಿಯನ್ನು. ಅಲ್ಲಿ ಜಮೀನು ಕೊಂಡ ಒಬ್ಬ ವ್ಯಕ್ತಿಗೆ ಅದು ಭರವಸೆಪತ್ರ ಆಗುವುದಿಲ್ಲ. 2018ರಲ್ಲಿ ಆ ದೇಶ ಬಹುತೇಕ ವಿದೇಶಿಯರು ಅಲ್ಲಿ ಮನೆ ಕೊಳ್ಳದಂತೆ ಕಾನೂನು ತಂದಿತು. ಕೋಟ್ಯಧಿಪತಿ ಉದ್ಯಮಿ ಪೀಟರ್ ಥೀಲ್ 2011ರಲ್ಲೇ ಪೌರತ್ವ ಪಡೆದಿದ್ದರಿಂದ ಆ ಅಡ್ಡಿ ಅವರಿಗಿರಲಿಲ್ಲ. ವನಾಕಾ ಸರೋವರದ ಬಳಿ ಅವರು ಕೊಂಡ 193 ಹೆಕ್ಟೇರ್ ನೆಲದಲ್ಲಿ ಬೆಟ್ಟದೊಳಗೆ ಹುದುಗಿದ ವಸತಿಗೃಹ ಕಟ್ಟಲು ಸಲ್ಲಿಸಿದ ಅರ್ಜಿಯನ್ನು 2022ರಲ್ಲಿ ಸ್ಥಳೀಯ ಆಡಳಿತ ತಳ್ಳಿಹಾಕಿತು. ಆ ಭೂದೃಶ್ಯದ ಸಹಜ ರೂಪ ಕೆಡುತ್ತದೆ ಎಂಬುದು ಕೊಟ್ಟ ಕಾರಣ.