ಬೆದರಿದ ನಾಯಿಗೆ ಬಯಲಿನ ಪಾಠ

ದತ್ತಾತ್ರೇಯನ ಪಾದದ ಬಳಿ ಚಿತ್ರಕಾರರು ಬರೆಯುವ ನಾಲ್ಕು ನಾಯಿಗಳನ್ನು ನಾಲ್ಕು ವೇದಗಳೆಂದೇ ಭಾವಿಸುವ ಭಕ್ತರು, ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ ಮಾಧುಕರಿ ಭಿಕ್ಷೆಯ ವೇಳೆಗೆ ಎದುರಾದ ನಾಯಿಗೆ ರೊಟ್ಟಿಯ ತುಣುಕು ಹಾಕದೆ ಮುಂದೆ ಹೋಗಲು ಹಿಂಜರಿಯುತ್ತಾರೆ. ಅಲ್ಲಿಯ ನಾಯಿಗಳು ಜನಸಂದಣಿಯ ನಡುವೆಯೂ ನಿಶ್ಚಿಂತವಾಗಿ ಮಲಗಿರುವುದನ್ನು ಕಂಡ ಕೆಲವರು, ತಾವು ಬೀದಿಯಿಂದ ಎತ್ತಿ ತಂದು ಸಾಕಿದ, ಪರನಾಯಿಯ ಸುಳಿವು ಸಿಕ್ಕರೂ ಹಲ್ಲು ಕಿರಿದು ಸರಪಳಿ ಜಗ್ಗುವ ಪ್ರಾಣಿಯನ್ನೂ ಆ ಸಹವಾಸಕ್ಕೆ ಬಿಟ್ಟರೆ ಸರಿಹೋದೀತೆಂದು ಎಣಿಸುವುದುಂಟು. ಅದು ಶುದ್ಧ ಅವಿವೇಕ. ಊರನಾಯಿಗಳಿಗೆ ಒಂದರ ಎಲ್ಲೆ ಇನ್ನೊಂದಕ್ಕೆ ಗೊತ್ತು. ಬೇಡವೆನಿಸಿದರೆ ಎದ್ದು ಹೋಗುವ ಸ್ವಾತಂತ್ರ್ಯವೂ ಉಂಟು. ಕೊರಳಪಟ್ಟಿ ಬಿಗಿದ ಅತಿಥಿಗೆ ಅವೆರಡೂ ಇಲ್ಲ.

ಇಂತಹ ನಾಯಿಯ ಆರ್ಭಟಕ್ಕೆ ಬಹುಮಟ್ಟಿಗೆ ಭಯವೇ ಮೂಲ. ಮರಿಯು ಲೋಕವನ್ನು ಸಲೀಸಾಗಿ ಒಪ್ಪಿಕೊಳ್ಳುವ ಕಾಲ ಹುಟ್ಟಿದ 3ನೆಯ ವಾರದಿಂದ ಹೆಚ್ಚುಕಡಿಮೆ 12ನೆಯ ವಾರದವರೆಗೆ. ಆ ಅವಧಿ ಹಸಿವು-ಹೊಡೆತಗಳಲ್ಲಿಯೇ ಕಳೆದಿದ್ದರೆ ಮುಂದಿನ ಪಾಠವೆಲ್ಲ ನಿಧಾನ. ಬೊಗಳುವ ಮೊದಲೇ ಅದು ತನ್ನ ಭೀತಿಯನ್ನು ನಿದ್ದೆಯಿಲ್ಲದ ಆಕಳಿಕೆಯಿಂದಲೋ, ತುಟಿ ನೆಕ್ಕುವುದರಿಂದಲೋ, ಕಣ್ಣಿನ ಬಿಳುಪು ಕಾಣುವ ಓರೆನೋಟದಿಂದಲೋ ತಿಳಿಸಿರುತ್ತದೆ.

ಆದುದರಿಂದ ನನ್ನ ಮತದಲ್ಲಿ ಉತ್ತಮ ಪಾಠಶಾಲೆಯೆಂದರೆ ಜೇವರ್ಗಿಯ ಸುತ್ತಿನ, ತೊಗರಿ ಕೊಯ್ದು ಬರಿದಾದ ಎರೆಹೊಲ. ದೂರದ ನಾಯಿಯನ್ನು ಕಂಡೂ ನಮ್ಮದು ರೊಟ್ಟಿ ತಿನ್ನಬಲ್ಲುದಾದರೆ ಅಷ್ಟು ಅಂತರ ಸಾಕು. ಮುಟ್ಟದಿದ್ದರೆ ಇನ್ನೂ ಹಿಂದಕ್ಕೆ ಸರಿಯತಕ್ಕದ್ದು. (ಖಡಕ್ ರೊಟ್ಟಿಗಿಂತ ಬೇಯಿಸಿದ ಮೊಟ್ಟೆಯ ಚೂರಿಗೆ ಪ್ರಭಾವ ಹೆಚ್ಚೆಂಬುದನ್ನು ಜೋಳದ ಸೀಮೆಯವನಾದ ನಾನೂ ಒಪ್ಪಲೇಬೇಕು.) ಮೊದಲು ಪರನಾಯಿ ಕಣ್ಣಿಗೆ ಬೀಳಬೇಕು, ಅನಂತರ ತುತ್ತು ಬಾಯಿಗೆ ಬರಬೇಕು. ರಷ್ಯದ ವಿಜ್ಞಾನಿ ಪಾವ್ಲೋವ್ ತನ್ನ ಪ್ರಯೋಗಗಳಲ್ಲಿ ತೋರಿಸಿದ್ದೂ ಈ ಪೂರ್ವಾಪರ ಕ್ರಮವನ್ನೇ. ಕ್ರಮ ತಿರುಗುಮುರುಗಾಯಿತೋ, ಚೀಲ ಬಿಚ್ಚಿದೊಡನೆ ಶತ್ರು ಬರುವನೆಂದು ತಿಳಿದು ನಾಯಿ ಆಹಾರಕ್ಕೂ ಅಂಜುತ್ತದೆ. ಎರಡೂ ನಾಯಿಗಳನ್ನು ಎದುರೆದುರು ತರದೆ, ಬದುವಿನ ಆಚೆಗೊಂದು ಈಚೆಗೊಂದು, ಹಗ್ಗ ಸಡಿಲಿಸಿ, ಒಂದೇ ದಿಕ್ಕಿಗೆ ನಡೆಸುವುದು ಮುಂದಿನ ಹಂತ. ಕುರಿಹಿಂಡು ತರುಬಿದ ಹೊಲದತ್ತ ಮಾತ್ರ ಸುಳಿಯಬಾರದು. ಕುರಿಗಾರರ ಕಾವಲುನಾಯಿಗೆ ನಮ್ಮ ಶಿಕ್ಷಣಕ್ರಮದಲ್ಲಿ ಆಸಕ್ತಿಯಿಲ್ಲ.

ಒಮ್ಮೆ ಬೆದರಿದ ನಾಯಿಯ ಉದ್ವೇಗ ಬಹಳ ಹೊತ್ತು ಇಳಿಯದಾದಕಾರಣ, ಅಂದಿಗೆ ಪಾಠ ನಿಲ್ಲಿಸಿ ಮನೆಗೆ ಮರಳುವುದೇ ಲೇಸು.

2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡುವುದು ವಾಡಿಕೆಯಾಗಿರುವಾಗ, ಆಳಂದದ ಓಣಿಗಳು ನಾಯಿಗಳಿಲ್ಲದೆ ತೆರವಾಗಲೆಂದು ಕಾಯುವುದು ವ್ಯರ್ಥ. ಹೊಲದ ಪಾಠ ಗಟ್ಟಿಯಾಗುವ ತನಕ ಓಣಿಗೆ ಇಳಿಯಬೇಡಿರಿ. ಇಳಿಯುವ ಮುನ್ನ ನಿಮ್ಮ ನಾಯಿಗೂ ರೇಬೀಸ್ ಲಸಿಕೆ ಹಾಕಿಸಿರಿ.