ಮುರಕಲ್ಲಿನ ಮಗಳು ಕೇಪಳ

ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿ ಯಾರೂ ನೆಡದೆ, ನೀರೆರೆಯದೆ ಕೆಂಪಗೆ ಅರಳುವ ಗಿಡ ಕೇಪಳ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ತವರು. 1753ರಲ್ಲಿ ಲಿನೇಯಸ್ ಇಕ್ಸೋರಾ ಕಾಕ್ಸಿನಿಯಾ ಎಂದು ಹೆಸರಿಟ್ಟ ಈ ಗಿಡ ಇಂದು ಬೆಚ್ಚಗಿನ ನಾಡುಗಳ ಉದ್ಯಾನಗಳಲ್ಲೆಲ್ಲ ಇದೆ. ತುಳುನಾಡಿನಲ್ಲಿ ದೈವಕ್ಕೂ ದೇವಿಗೂ ಇದರ ಹೂ ಬೇಕು. ಊಟದ ಎಲೆಗೆ ಇದರ ತಂಬುಳಿಯೂ ಬೀಳುತ್ತದೆ.

ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ಒಂದೊಂದು ಹೂವಿಗೂ ನಾಲ್ಕೇ ಎಸಳು, ಅದರ ಕೆಳಗೆ ದಾರದಷ್ಟು ಸಪೂರವಾದ ಉದ್ದನೆಯ ನಳಿಗೆ. ಅದರ ಬುಡದಲ್ಲಿರುವ ಮಕರಂದ ಸಿಗುವುದು ಉದ್ದ ಹೀರುನಳಿಗೆಯ ಚಿಟ್ಟೆಗಳಿಗೆ. ಹೂ ಕಿತ್ತು ಚೀಪುವ ಮಕ್ಕಳಿಗೂ ಅದರಲ್ಲಿ ಪಾಲುಂಟು. ಗೊಂಚಲಿನ ಹೂಗಳೆಲ್ಲ ಒಮ್ಮೆಗೇ ಅರಳುವುದಿಲ್ಲ. ಹಾಗಾಗಿ ಬಣ್ಣ ವಾರಗಟ್ಟಲೆ ಉಳಿಯುತ್ತದೆ.

ಬೆಳೆಸುವುದು ಕಷ್ಟವಲ್ಲ. ಮಳೆಗಾಲದಲ್ಲಿ ಅರೆಬಲಿತ ಗೆಲ್ಲು ನೆಟ್ಟರೆ ಬೇರು ಬಿಡುತ್ತದೆ. ಬಿಸಿಲು ಧಾರಾಳವಾಗಿರಲಿ, ಬುಡದಲ್ಲಿ ನೀರು ನಿಲ್ಲದಿರಲಿ. ಇದರ ಹಟ ಒಂದೇ: ಮಣ್ಣು ತುಸು ಹುಳಿಯಾಗಿರಬೇಕು. ಸಿಮೆಂಟ್ ಗೋಡೆಯ ಪಕ್ಕ ನೆಟ್ಟು ಗಡಸು ಬೋರ್‌ವೆಲ್ ನೀರು ಹಾಕಿದರೆ ಚಿಗುರೆಲೆ ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕುತ್ತಿಲ್ಲ ಎಂಬುದರ ಸೂಚನೆ ಅದು. ಎಲೆಗೊಬ್ಬರ, ಮಳೆನೀರು, ಜೊತೆಗೆ ಬೇಕಿದ್ದರೆ ಕಬ್ಬಿಣಾಂಶದ ಸಿಂಪರಣೆ ಕೊಟ್ಟರೆ ಗಿಡ ಚೇತರಿಸಿಕೊಳ್ಳುತ್ತದೆ.

ಹೂ ಬರುವುದು ಗೆಲ್ಲಿನ ತುದಿಯಲ್ಲಿ. ಆದ್ದರಿಂದ ಕತ್ತರಿಗೆ ಕೆಲಸ ಕೊಡುವುದಿದ್ದರೆ ಹೂ ಮುಗಿದ ಕೂಡಲೇ ಕೊಡಿ. ಆದರೂ ನಾಲ್ಕು ಗೊಂಚಲು ಬಿಟ್ಟೇಬಿಡಿ. ಕಾಯಿ ಮಾಗಿ ಕಪ್ಪಾದಾಗ ಹಕ್ಕಿಗಳು ಹುಡುಕಿಕೊಂಡು ಬರುತ್ತವೆ.