ಬಾಯಿ ಬಿಡದ ಪಾತ್ರಗಳು ಮತ್ತು ನವ್ಯದ ಕಿವಿ

ಕನ್ನಡದ ನವ್ಯ ಕಥನ ಮನುಷ್ಯನ ಅಂತರಂಗವನ್ನು ತೆರೆದು ತೋರಿಸಿತು ಎಂದು ಹೊಗಳುವುದು ರೂಢಿ. ಶಾಂತಿನಾಥ ದೇಸಾಯಿಯವರ ‘ಮುಕ್ತಿ’ (1961), ಅನಂತಮೂರ್ತಿಯವರ ‘ಸಂಸ್ಕಾರ’ (1965), ಲಂಕೇಶರ ‘ಬಿರುಕು’ (1967) ಇದಕ್ಕೆ ಸಾಕ್ಷಿಗಳಾಗಿ ಮತ್ತೆ ಮತ್ತೆ ಬಂದು ನಿಲ್ಲುತ್ತವೆ. ಹೊಗಳಿಕೆ ಸುಳ್ಳಲ್ಲ. ಆದರೆ ಯಾರ ಅಂತರಂಗ? ಓದಿದ, ದ್ವಂದ್ವದಲ್ಲಿ ಬೇಯುವ, ತನ್ನೊಳಗೆ ತಾನೇ ಮಾತಾಡಿಕೊಳ್ಳುವ ಗಂಡಿನದು. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು, ಮಾಡಬೇಕಾದ್ದನ್ನು ಮಾಡಿ ಸುಮ್ಮನಾಗುವ ಪಾತ್ರಗಳೂ ಈ ಪುಸ್ತಕಗಳಲ್ಲಿವೆ. ಕಾದಂಬರಿಕಾರ ಅವರನ್ನು ಒಮ್ಮೊಮ್ಮೆ ಚೆನ್ನಾಗಿಯೇ ಕಂಡಿದ್ದಾನೆ. ನವ್ಯದ ಜೊತೆಗೆ ಬೆಳೆದ ವಿಮರ್ಶೆ ಮಾತ್ರ ಬಹುಪಾಲು ಅವರಿಗೆ ಪ್ರತೀಕ ಎಂಬ ಹೆಸರಿಟ್ಟು ಮುಂದೆ ಹೋಗಿದೆ.

‘ಸಂಸ್ಕಾರ’ದ ಚಂದ್ರಿಯನ್ನೇ ನೋಡಿ. ಅವಳ ಬಗ್ಗೆ ಬಂದಿರುವ ಮಾತುಗಳಲ್ಲಿ ಅವಳು ಪ್ರಕೃತಿ, ಅವಳು ಕಾಮ, ಅಗ್ರಹಾರದ ಪಂಡಿತ ಪ್ರಾಣೇಶಾಚಾರ್ಯರ ಶಾಸ್ತ್ರಕ್ಕೆ ಎದುರು ನಿಂತ ದೇಹ. ಇಷ್ಟೆಲ್ಲ ಆದವಳು ಒಬ್ಬ ಮನುಷ್ಯಳೂ ಹೌದೇ ಎಂದು ಕೇಳಿದವರು ಕಡಿಮೆ. ಕಾದಂಬರಿಯಲ್ಲಿ ಅವಳು ಏನು ಮಾಡುತ್ತಾಳೆ ಎಂಬುದನ್ನಷ್ಟೇ ಹಿಡಿದು ಹೊರಟರೆ ಬೇರೆಯೇ ಚಿತ್ರ ಸಿಗುತ್ತದೆ. ತಾನು ಕೂಡಿ ಬಾಳಿದ, ಅಗ್ರಹಾರದ ಕಟ್ಟಳೆ ಮುರಿದ ನಾರಣಪ್ಪ ಸತ್ತ ಸುದ್ದಿಯನ್ನು ಆಚಾರ್ಯರ ಮನೆಗೆ ತಂದವಳು ಅವಳು. ಶವಸಂಸ್ಕಾರದ ಖರ್ಚಿಗೆಂದು ಮೈಮೇಲಿನ ಚಿನ್ನ ಬಿಚ್ಚಿಟ್ಟವಳೂ ಅವಳೇ. ಅದುವರೆಗೆ ನಾರಣಪ್ಪನ ಹೆಣ ಮುಟ್ಟಲು ಹಿಂಜರಿದವರ ಕಣ್ಣು ಈಗ ಬಂಗಾರದ ಮೇಲೆ ಬೀಳುತ್ತದೆ, ಅಗ್ರಹಾರದ ಬಣ್ಣ ಬಯಲಾಗುತ್ತದೆ. ಹಾಗಾಗಲಿ ಎಂದು ಅವಳು ಬಿಚ್ಚಿಟ್ಟದ್ದಲ್ಲ. ಸತ್ತವನಿಗೆ ಬೆಂಕಿ ಸಿಗಲಿ ಎಂಬುದಷ್ಟೇ ಅವಳ ಲೆಕ್ಕ.

ಸಂಸ್ಕಾರದ ಪ್ರಶ್ನೆಗೆ ಉತ್ತರ ಬೇಡಲು ಹೋಗಿ ಮಾರುತಿಯ ಗುಡಿಯಿಂದ ಬರಿಗೈಯಲ್ಲಿ ಹಿಂತಿರುಗುವ ಆಚಾರ್ಯರು ಕಾಡಿನಲ್ಲಿ ಅವಳನ್ನು ಕೂಡುತ್ತಾರೆ. ಎಚ್ಚರವಾದ ಮೇಲೆ, ನಡೆದದ್ದನ್ನು ನಾಳೆ ಬ್ರಾಹ್ಮಣರ ಮುಂದೆ ನೀನೇ ಹೇಳು ಎಂದು ಅವಳಿಗೇ ಒಪ್ಪಿಸುತ್ತಾರೆ. ಇದನ್ನು ಆಚಾರ್ಯರ ಪ್ರಾಮಾಣಿಕತೆ ಎಂದು ಓದಬಹುದು. ತನ್ನ ಬಾಯಿಂದ ಬರಬೇಕಾದ ಮಾತನ್ನು ಇನ್ನೊಬ್ಬರ ಬಾಯಿಗೆ ದಾಟಿಸಿದ ಜಾಣತನವೆಂದೂ ಓದಬಹುದು. ನನಗೆ ಎರಡನೆಯದೇ ಹೆಚ್ಚು ಕಾಣುತ್ತದೆ. ಚಂದ್ರಿ ಹೇಳುವುದಿಲ್ಲ. ಅದೇ ರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಹೆಣ ಸುಟ್ಟು, ಯಾರಿಗೂ ತಿಳಿಸದೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಅಗ್ರಹಾರದವರು ಊರೂರು ಅಲೆದು ಧರ್ಮನಿರ್ಣಯ ಕೇಳುವ ಹೊತ್ತಿಗೆ ಕೆಲಸ ಮುಗಿದಿದೆ. ಓದುಗನಿಗೆ ಗೊತ್ತು, ಬ್ರಾಹ್ಮಣರಿಗೆ ಗೊತ್ತಿಲ್ಲ. ಕಾದಂಬರಿಯ ವ್ಯಂಗ್ಯವೆಲ್ಲ ನಿಂತಿರುವುದು ಈ ಹೆಂಗಸಿನ ಮೌನದ ಮೇಲೆ.

ಏಕೆ ಹೇಳಲಿಲ್ಲ? ಅವಳ ಮನಸ್ಸಿನೊಳಗೆ ಅನಂತಮೂರ್ತಿ ನಮ್ಮನ್ನು ಬಿಡುವುದು ಸ್ವಲ್ಪ ಹೊತ್ತು ಮಾತ್ರ. ಪುಣ್ಯವಂತರಿಂದ ಗರ್ಭ ಧರಿಸಬೇಕೆಂಬ ತಾಯಿಯ ಮಾತು ಅವಳ ನೆನಪಿಗೆ ಬರುತ್ತದೆ. ನಾರುತ್ತಿರುವ ಹೆಣ ಇನ್ನು ತನ್ನ ನಾರಣಪ್ಪನಲ್ಲ, ಬರಿಯ ಹೆಣ ಎಂದು ಅವಳಿಗೆ ಹೊಳೆಯುತ್ತದೆ. ಈ ಎರಡನ್ನೂ ಕೂಡಿಸಿದರೂ ಮೌನಕ್ಕೆ ಪೂರ್ತಿ ಕಾರಣ ಸಿಗುವುದಿಲ್ಲ. ಆಚಾರ್ಯರ ಮಾನ ಕಾಯುವ ಆಸೆ ಇರಬಹುದು. ತನ್ನಂಥವಳ ಮಾತು ಆ ಜಗಲಿಯಲ್ಲಿ ಏನಾಗುತ್ತದೆಂಬ ಅನುಭವವೂ ಇರಬಹುದು. ಲೇಖಕರು ಗಂಟು ಬಿಚ್ಚದೆ ಬಿಟ್ಟದ್ದರಿಂದಲೇ ಚಂದ್ರಿ ಇವತ್ತಿಗೂ ಉಳಿದಿದ್ದಾಳೆ. ಆದರೆ ಆಚಾರ್ಯರ ಹಿಂದೆ ಮೇಳಿಗೆಯ ಜಾತ್ರೆಯವರೆಗೂ ಹೋಗುವ ಕಥನ ಕುಂದಾಪುರದ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಇದು ಗೌರವದ ಮೌನವೋ ಅನುಕೂಲದ ಮೌನವೋ? ಅರ್ಧ ಅನುಕೂಲದ್ದೇ ಎಂದು ನನ್ನ ತೀರ್ಮಾನ. ಪಟ್ಟಾಭಿರಾಮ ರೆಡ್ಡಿಯವರ ಸಿನಿಮಾದಲ್ಲಿ (1970) ಸ್ನೇಹಲತಾ ರೆಡ್ಡಿ ಚಂದ್ರಿಯಾದಾಗ ಪುಟದ ಮೇಲಿನ ಅವಳ ಆ ಚೂರು ಸ್ವಗತದ ಜಾಗಕ್ಕೆ ಒಂದು ಮುಖ ಬಂತು. ಅದು ನಷ್ಟವೆಂದು ನನಗೆ ಅನ್ನಿಸಿಲ್ಲ.

ನವ್ಯದ ಜೊತೆಜೊತೆಗೇ ಇನ್ನೊಂದು ದಾರಿಯೂ ಇತ್ತು: ತ್ರಿವೇಣಿಯವರ ಮನೋವೈಜ್ಞಾನಿಕ ಕಾದಂಬರಿ. ‘ಶರಪಂಜರ’ದ ಕಾವೇರಿಯ ಒಳಗನ್ನು ಅವರು ಹಿಂದಿನ ಪೆಟ್ಟಿನಿಂದ ವಿವರಿಸುತ್ತಾರೆ. ಮಾನಸಿಕ ಕಾಯಿಲೆಯಿಂದ ಎದ್ದು ಬಂದವಳನ್ನು ಮನೆಯವರು ಮತ್ತೆ ಅದರೊಳಕ್ಕೇ ತಳ್ಳುವ ಭಾಗದಲ್ಲಿ ಆ ಕಾದಂಬರಿ ಇವತ್ತಿಗೂ ನಡುಗಿಸುತ್ತದೆ. ತೊಂದರೆ ಇರುವುದು ಈ ದಾರಿಯ ನಂಬಿಕೆಯಲ್ಲಿ. ಗತಕಾಲದ ಒಂದು ಘಟನೆ ಸಿಕ್ಕಿತೆಂದರೆ ವ್ಯಕ್ತಿ ಪೂರ್ತಿ ಸಿಕ್ಕಂತೆ ಎಂದು ಅದು ತಿಳಿಯುತ್ತದೆ. ನಮ್ಮ ಧಾರಾವಾಹಿಗಳು ಇಂದಿಗೂ ಇದೇ ಬಂಡವಾಳದ ಮೇಲೆ ನಡೆಯುತ್ತಿವೆ.

ಇದಕ್ಕೆಲ್ಲ ಮೊದಲೇ ಮಾಸ್ತಿ, ಮನಸ್ಸಿನ ಒಳಗನ್ನು ಕಾಣಿಸುವ ಈ ಕೆಲಸವನ್ನು ಹೆಚ್ಚು ಸೂಕ್ಷ್ಮವಾಗಿ ಮಾಡಿದ್ದರು. ನವ್ಯರ ಅಬ್ಬರದಲ್ಲಿ ಅದು ಹಳೆಯ ಕಾಲದ ಸೌಮ್ಯತೆಯಂತೆ ಕಂಡದ್ದು ನಮ್ಮ ದುರದೃಷ್ಟ. ‘ಮೊಸರಿನ ಮಂಗಮ್ಮ’ ಕಥೆಯಲ್ಲಿ ಮಂಗಮ್ಮ ಬೆಂಗಳೂರಿನ ಮನೆಯೊಂದಕ್ಕೆ ಮೊಸರು ತರುತ್ತಾಳೆ, ಮನೆಯಾಕೆಯ ಹತ್ತಿರ ಕೂತು ಕಷ್ಟ ಹೇಳಿಕೊಳ್ಳುತ್ತಾಳೆ. ಸೊಸೆ ನಂಜಮ್ಮ ಮೊಮ್ಮಗನಿಗೆ ಹೊಡೆದದ್ದರಿಂದ ಜಗಳವೆದ್ದು ಬೇರೆ ಮನೆಯಾಗಿದೆ. ಇಳಿವಯಸ್ಸಿನಲ್ಲಿ ಒಂದು ಮಖಮಲ್ಲಿನ ಜಾಕೀಟು ಹೊಲಿಸಿಕೊಂಡಿದ್ದಾಳೆ. ರಂಗಪ್ಪನೆಂಬವನು ದಾರಿಯಲ್ಲಿ ಅಡ್ಡ ಸಿಕ್ಕು ಮಾತಾಡಿಸುತ್ತಾನೆ, ಸಾಲ ಕೇಳುತ್ತಾನೆ. ಇಷ್ಟನ್ನೆಲ್ಲ ಹೇಳುವ ಮಂಗಮ್ಮ ತನಗೆ ಅವನಲ್ಲಿ ಮನಸ್ಸಿತ್ತೇ ಎಂಬುದನ್ನು ಮಾತ್ರ ಹೇಳುವುದಿಲ್ಲ. ಕೇಳುವ ಹೆಂಗಸೂ ಒತ್ತಿ ಕೇಳುವುದಿಲ್ಲ. ಆ ಜಾಕೀಟನ್ನು ನಮ್ಮ ಮುಂದಿಟ್ಟು ಮಾಸ್ತಿ ಸುಮ್ಮನಾಗುತ್ತಾರೆ. ಮುಂದೆ ಅತ್ತೆ ಸೊಸೆ ಒಂದಾದ ಮೇಲೆ ನಂಜಮ್ಮ ತನ್ನ ಕಡೆಯ ಕಥೆ ಹೇಳುತ್ತಾಳೆ: ಅತ್ತೆಯ ಗಂಟು ರಂಗಪ್ಪನ ಪಾಲಾಗಬಾರದೆಂದು ತಾನೇ ಉಪಾಯ ಮಾಡಿ ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟದ್ದು. ಮಗುವಿನ ಮೇಲಿನ ಪ್ರೀತಿಯೂ ದುಡ್ಡಿನ ಮೇಲಿನ ಕಣ್ಣೂ ಒಂದೇ ಕೆಲಸದಲ್ಲಿ ಬೆರೆತಿವೆ, ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ. ಒಬ್ಬರ ಉದ್ದೇಶ ಹುಡುಕುವಾಗ ಒಂದೇ ಕಾರಣ ಸಿಗಬೇಕೆಂದು ಹಟ ಹಿಡಿಯುವ ವಿಮರ್ಶಕರು ಈ ಪುಟಗಳನ್ನು ಎರಡು ಸಲ ಓದಬೇಕು.

ನವ್ಯದೊಳಗೆ ಈ ಸಮಸ್ಯೆಯನ್ನೇ ವಸ್ತುವಾಗಿ ಎತ್ತಿಕೊಂಡವರು ಯಶವಂತ ಚಿತ್ತಾಲರು. ‘ಶಿಕಾರಿ’ಯಲ್ಲಿ (1979) ಮುಂಬಯಿಯ ರಾಸಾಯನಿಕ ಕಂಪನಿಯೊಂದರ ಅಧಿಕಾರಿ ನಾಗಪ್ಪನನ್ನು ಇದ್ದಕ್ಕಿದ್ದಂತೆ ಸಸ್ಪೆಂಡ್ ಮಾಡುತ್ತಾರೆ, ಆರೋಪ ಏನೆಂದು ಯಾರೂ ಬಾಯಿ ಬಿಡುವುದಿಲ್ಲ. ಕಂಪನಿಯ ಫಿರೋಜ್ ಬಂದೂಕವಾಲಾ, ಹಳೆಯ ಪರಿಚಯದ ಶ್ರೀನಿವಾಸ, ಫೋನಿನಲ್ಲಿ ನಕ್ಕವರು, ನಗದೆ ಇದ್ದವರು, ಎಲ್ಲರ ಉದ್ದೇಶವನ್ನೂ ನಾಗಪ್ಪ ಅಗೆಯುತ್ತಾ ಹೋಗುತ್ತಾನೆ. ನಾವೂ ಅವನ ಜೊತೆ ಅಗೆಯುತ್ತೇವೆ. ಅವನ ಸಂಶಯದಲ್ಲಿ ಎಷ್ಟು ನಿಜ, ಎಷ್ಟು ಭೀತಿ ಎಂದು ಬೇರ್ಪಡಿಸಲಾಗದ ಹಂತಕ್ಕೆ ಬಂದಾಗ, ಇನ್ನೊಬ್ಬರ ಮನಸ್ಸನ್ನು ಓದುವ ಚಟವೇ ಬೇಟೆಯ ಒಂದು ರೂಪ ಎಂದು ಗೊತ್ತಾಗುತ್ತದೆ. ಕಾದಂಬರಿ ಸ್ವಲ್ಪ ಉದ್ದವಾಯಿತು ಎಂಬ ದೂರನ್ನು ಒಪ್ಪುತ್ತೇನೆ. ಆದರೂ ಅಂತರಂಗವನ್ನು ಬಲ್ಲೆನೆಂಬ ನವ್ಯದ ಆತ್ಮವಿಶ್ವಾಸವನ್ನು ಒಳಗಿನಿಂದಲೇ ಇಷ್ಟು ಅಲುಗಿಸಿದ ಇನ್ನೊಂದು ಕೃತಿ ನನಗೆ ಕಾಣುವುದಿಲ್ಲ.

ನವ್ಯ ನೆಚ್ಚಿಕೊಂಡ ಸ್ವಗತದ ಬುಡಕ್ಕೇ ಕೈ ಹಾಕಿದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಅದರ ನಿರೂಪಕ ಕಾಫಿ ಹೌಸಿನಲ್ಲಿ ಕೂತು ಮನೆಯವರ ಬಗ್ಗೆ ಎಲ್ಲವನ್ನೂ ಹೇಳುತ್ತಾನೆ. ಇರುವೆ ಕಾಟ, ಹಳೆಯ ಬಡತನ, ಚಿಕ್ಕಪ್ಪನ ಮಸಾಲೆ ವ್ಯಾಪಾರ, ಒಂದೂ ಬಿಡುವುದಿಲ್ಲ. ಮಾತಿಗೆ ಕೊರತೆಯಿಲ್ಲ, ಮುಚ್ಚಿಟ್ಟದ್ದೂ ಆ ಮಾತಿನೊಳಗೇ ಇದೆ. ಚಿಕ್ಕಪ್ಪನನ್ನು ಹುಡುಕಿಕೊಂಡು ಸಾರಿನ ಡಬ್ಬಿ ಹಿಡಿದು ಬಂದ ಹೆಂಗಸನ್ನು ಮನೆಯ ಹೆಂಗಸರು ಬೈದು ಅಟ್ಟುವಾಗ ಅವನು ಏನೂ ಮಾಡಲಿಲ್ಲ. ಹೆಂಡತಿ ಅನಿತಾಳಿಗೆ ಏನಾಗಿದೆ ಎಂಬ ಅನುಮಾನದ ಅಂಚಿಗೆ ಬಂದಾಗಲೂ ಅವನು ಕುರ್ಚಿ ಬಿಟ್ಟು ಏಳುವುದಿಲ್ಲ. ಅವನನ್ನು ತಿಳಿಯಲು ಅವನು ಹೇಳುವುದನ್ನು ಬದಿಗಿಟ್ಟು ಅವನು ಮಾಡದೇ ಹೋದದ್ದನ್ನೆಲ್ಲ ಪಟ್ಟಿ ಮಾಡಬೇಕು. ತನ್ನೊಳಗನ್ನು ತೋಡಿಕೊಳ್ಳುವವನು ಪ್ರಾಮಾಣಿಕ ಎಂಬ ನಂಬಿಕೆಯ ಮೇಲೆ ನವ್ಯದ ದೊಡ್ಡ ಭಾಗ ನಿಂತಿತ್ತು. ನೂರಿಪ್ಪತ್ತು ಪುಟವೂ ಇಲ್ಲದ ಈ ಕಥನ ಆ ನಂಬಿಕೆಯನ್ನು ಮುಗಿಸಿದೆ ಎಂದೇ ನನ್ನ ಅಭಿಪ್ರಾಯ.